ನಮ್ಮ ಏರಿಯಾ ವಾಟ್ಸಾಪ್ ಗ್ರೂಪು: ನೀರು, ಕರೆಂಟು, ರಜೆ ಮತ್ತೆ ಓಂ ಶಾಂತಿ

ಮಿಕ್ಸಿಗೂ ರಿವ್ಯೂ ಬರೀತೀವಿ, ಫ್ರಿಜ್ಜಿಗೂ ಬರೀತೀವಿ, ಆದ್ರೆ ಎದ್ದ ಕೂಡ್ಲೆ ಹಲ್ಲುಜ್ಜೋಕೂ ಮುಂಚೆ ತೆಗೆದು ನೋಡೋ ಏರಿಯಾ ಗ್ರೂಪ್ ಬಗ್ಗೆ ಒಬ್ರೂ ಬರೆದಿದ್ದು ನಾನು ನೋಡಿಲ್ಲ. ಚಿಕ್ಕಮಗಳೂರಲ್ಲಿ ನಮ್ಮ ಬಡಾವಣೆ, ಪಕ್ಕದ ಎರಡು ಬಡಾವಣೆ ಸೇರಿ ನಡೀತಿರೋ ವಾಟ್ಸಾಪ್ ಗ್ರೂಪ್ ಇದು. 2020ರ ಲಾಕ್‌ಡೌನ್ ಟೈಮಲ್ಲಿ ತರಕಾರಿ ಗಾಡಿ ಯಾವ ರಸ್ತೆಗೆ ಬಂತು ಅಂತ ಹೇಳ್ಕೊಳ್ಳೋಕೆ ಶುರುವಾಗಿದ್ದು, ಕೊರೊನಾ ಹೋದ್ರೂ ಇದು ಹೋಗ್ಲಿಲ್ಲ. ಆವಾಗಿಂದ ನಾನು ಇದ್ರಲ್ಲಿದೀನಿ. ಹೆಸರು ಹಾಕಲ್ಲ, ಹಾಕಿದ್ರೆ ನಾಳೆನೇ ಲಿಂಕ್ ಕೊಡಿ ಲಿಂಕ್ ಕೊಡಿ ಅಂತ ಅಡ್ಮಿನ್ ತಲೆ ತಿಂತೀರ.

ಅಡ್ಮಿನ್ ಅಂದ್ರೆ ಜೆರಾಕ್ಸ್ ಅಂಗಡಿ ಅಣ್ಣ. ಇದು ಗ್ರೂಪಿನ ಅರ್ಧ ಬಲ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಊರಲ್ಲಿ ಯಾವ ಅರ್ಜಿಗೆ ಯಾವ ಕಾಗದ ಕೇಳ್ತಿದಾರೆ, ಯಾವ ಕೌಂಟರ್ ಎಷ್ಟೊತ್ತಿಗೆ ತೆಗೀತಾರೆ, ಯಾವತ್ತು ಸರ್ವರ್ ಡೌನ್ ಇದೆ ಅನ್ನೋದು ಮೊದಲು ಗೊತ್ತಾಗೋದು ಜೆರಾಕ್ಸ್ ಅಂಗಡಿಯವರಿಗೆ. ಬಂದವರೆಲ್ಲ ಅಲ್ಲೇ ನಿಂತು ಬೈಕೊಂಡು ಹೋಗ್ತಾರಲ್ಲ.

ಮೊದಲು ನೀರಿನ ವಿಷಯ, ಯಾಕಂದ್ರೆ ಶೇಕಡಾ ಎಂಬತ್ತು ಜನ ಗ್ರೂಪಲ್ಲಿರೋದೇ ಅದಕ್ಕೆ (ಲೆಕ್ಕ ನಂದೇ, ಅಂದಾಜು). ನಮ್ಮೂರಿಗೆ ನೀರು ಯಗಚಿಯಿಂದ ಬರುತ್ತೆ, ಹಿರೇಕೊಳಲೆ ಕೆರೆಯಿಂದ್ಲೂ ಬರುತ್ತೆ, ಯಗಚಿ ಡ್ಯಾಂ ಇರೋದು ಬೇಲೂರ್ ಕಡೆ, ಅಲ್ಲಿಂದ ಪಂಪ್ ಮಾಡಿ ಏರಿಸ್ಬೇಕು, ಅಂದ್ರೆ ಪಂಪ್‌ಹೌಸಲ್ಲಿ ಕರೆಂಟ್ ಕೈಕೊಟ್ರೆ ನಮ್ಮನೆ ಸಂಪ್ ಖಾಲಿ. ಹೊರಗೆ ಧೋ ಅಂತ ಮಳೆ ಸುರೀತಿರುತ್ತೆ, ನಲ್ಲಿಯಲ್ಲಿ ಮಾತ್ರ ಹನಿ ಇಲ್ಲ, ಇದು ಮಲೆನಾಡಿನ ಸೆರಗಲ್ಲಿರೋ ಊರಿನ ಭಾಗ್ಯ. ಹೊರಗಿನವರಿಗೆ ಹೇಳಿದ್ರೆ ನಂಬಲ್ಲ.

ನೀರು ಬಿಡೋ ದಿನ ಗ್ರೂಪ್ ಹೇಗಿರುತ್ತೆ ಅಂದ್ರೆ, ಯಾರೋ ಒಬ್ರು "ಬಂತಾ?" ಅಂತಾರೆ. "ಇನ್ನೂ ಇಲ್ಲ." "ನಮ್ಮಲ್ಲಿ ಗಾಳಿ ಬರ್ತಿದೆ." ಗಾಳಿ ಬಂತು ಅಂದ್ರೆ ಹತ್ತು ಹದಿನೈದು ನಿಮಿಷದಲ್ಲಿ ನೀರು ಗ್ಯಾರಂಟಿ, ನಲ್ಲಿ ಬುಸ್ಸ್ ಅಂತ ಸದ್ದು ಮಾಡುತ್ತೆ, ಆಮೇಲೆ ಕೆಂಪು ನೀರು. ಆಗ ಕೆಳಗಿನ ರಸ್ತೆ ಅಕ್ಕ ಒಬ್ರು ತಪ್ಪದೆ ಹಾಕ್ತಾರೆ, "ಕೆಂಪು ಬರ್ತಿದೆ, ಸಂಪಿಗೆ ಬಿಟ್ಕೋಬೇಡಿ, ತಿಳಿ ಆಗ್ಲಿ". ಆಮೇಲೆ ಒಂದನೇ ಕ್ರಾಸ್ ಬಂತು, ಎರಡನೇ ಕ್ರಾಸ್ ಬಂತು, ಮೂರನೇ ಕ್ರಾಸ್ ಫೋರ್ಸ್ ಇಲ್ಲ. ಕೊನೆಗೆ ದಿಬ್ಬದ ಮೇಲಿನ ಮನೆಯವರು, "ನಮಗೆ ಯಾವತ್ತೂ ಹಿಂಗೇ". ವರ್ಷಗಟ್ಲೆ ಇದನ್ನ ಓದಿ ಓದಿ ಈಗ ನಮ್ಮ ಬಡಾವಣೆ ಪೈಪ್ ಯಾವ ಕಡೆ ಇಳಿಜಾರು, ಎಲ್ಲಿ ಕವಲಾಗುತ್ತೆ, ಯಾವ ಮನೆಗೆ ಬಂದ ಎಷ್ಟು ಹೊತ್ತಿಗೆ ನಮಗೆ ಬರುತ್ತೆ ಅನ್ನೋದು ಬಾಯಿಪಾಠ ಆಗೋಗಿದೆ. ಒಂದನೇ ಕ್ರಾಸಲ್ಲಿ ಬಂತು ಅಂದ್ರೆ ನಾನು ಕಾಫಿ ಕುಡಿದು ಆರಾಮಾಗಿ ಎದ್ದು ವಾಲ್ವ್ ತಿರುಗಿಸ್ತೀನಿ. ಮೂರನೇ ಕ್ರಾಸಲ್ಲಿ ಇದ್ದಕ್ಕಿದ್ದಂಗೆ ಫೋರ್ಸ್ ಬಿದ್ದೋದ್ರೆ ಯಾರೋ ಲೈನಿಗೇ ಮೋಟರ್ ಹಾಕಿದಾರೆ ಅಂತ ಅರ್ಥ, ಆವತ್ತು ಸಂಜೆ ಗ್ರೂಪಲ್ಲಿ ಹೆಸರು ಹೇಳದೆ ಜಗಳ.

ಊರ ಸುದ್ದಿ ಕೊಡೋ ಆ್ಯಪುಗಳು, ಪೇಪರು, ಕೇಬಲ್ ಚಾನಲ್ಲು ಎಲ್ಲಾ "ಎರಡು ದಿನ ನೀರು ವ್ಯತ್ಯಯ" ಅಂತ ಹೇಳ್ತವೆ. ಸರಿ. ಆದ್ರೆ ರಿಪೇರಿ ಬೇಗ ಆಗಿ ಇವತ್ತೇ ಬಿಡ್ತಿದಾರೆ ಅಂತ ಯಾರು ಹೇಳ್ತಾರೆ? ಯಾರೂ ಹೇಳಲ್ಲ. ನೀರು ನಿಂತಿದ್ದು ಸುದ್ದಿ, ಬಂದಿದ್ದು ಸುದ್ದಿ ಅಲ್ಲ ಅವರಿಗೆ. ನಮಗೆ ಬೇಕಾಗಿರೋದು ಎರಡನೇದೇ. ಯಾವ ಕ್ರಾಸು, ಎಷ್ಟು ಗಂಟೆ, ಕ್ಯಾನ್ಸಲ್ ಆಯ್ತಾ ಇಲ್ವಾ, ಇಷ್ಟನ್ನ ಕರೆಕ್ಟಾಗಿ ಹೇಳೋರು ಇದ್ರೆ ಸಾಕು ಮಾರಾಯ್ರೆ, ಮಿಕ್ಕಿದ್ದೆಲ್ಲ ಮನರಂಜನೆ. ಈ ವಿಷಯದಲ್ಲಿ ಗ್ರೂಪಿಗೆ ಹತ್ತಕ್ಕೆ ಹತ್ತು ಕೊಡ್ತೀನಿ.

ಮಧ್ಯೆ ಒಂದು ಲೋಕಲ್ ನ್ಯೂಸ್ ಆ್ಯಪೂ ಹಾಕ್ಕೊಂಡಿದ್ದೆ, ಹೆಸರು ಬೇಡ. ಒಂದು ತಿಂಗಳು ಇಟ್ಕೊಂಡು ತೆಗೆದೆ. "ಕಾಫಿನಾಡಿಗೆ ಬಿಗ್ ಶಾಕ್", "ಚಿಕ್ಕಮಗಳೂರಿಗರೇ ಎಚ್ಚರ", ಒತ್ತಿದ್ರೆ ಒಳಗೆ ವಿಡಿಯೋ, ವಿಡಿಯೋಗೆ ಮುಂಚೆ ಎರಡು ಜಾಹೀರಾತು, ಅಷ್ಟು ನೋಡಿದ್ಮೇಲೆ ಗೊತ್ತಾಗೋದು ಶಾಕ್ ಆಗಿರೋದು ಬೇರೆ ಯಾವುದೋ ಜಿಲ್ಲೇಲಿ ಅಂತ.

ಕರೆಂಟ್ ವಿಷಯಕ್ಕೆ ಬಂದ್ರೆ ಗ್ರೂಪ್ ಪರವಾಗಿಲ್ಲ. ನಮ್ಮ ಜಿಲ್ಲೆ ಮೆಸ್ಕಾಂ ಅನ್ನೋ ಕರೆಂಟ್ ಕಂಪನಿ ಕೆಳಗೆ ಬರುತ್ತೆ, ಪ್ಲಾನ್ ಮಾಡಿ ತೆಗೆಯೋ ಕರೆಂಟ್ ಬಗ್ಗೆ ಪೇಪರಲ್ಲಿ ಪ್ರಕಟಣೆ ಹಾಕ್ತಾರೆ, ಆದ್ರೆ ಅದ್ರಲ್ಲಿ ಫೀಡರ್ (ಏರಿಯಾಗೆ ಕರೆಂಟ್ ತರೋ ಲೈನ್) ಹೆಸರು ಇರುತ್ತೆ, ನಮ್ಮನೆ ಯಾವ ಫೀಡರ್ ಅಂತ ಯಾರಿಗೆ ಗೊತ್ತು? ಜೆರಾಕ್ಸ್ ಅಣ್ಣ ಅದನ್ನ ಬಿಡಿಸಿ "ನಮ್ಮ ಕಡೆ ಹತ್ತರಿಂದ ಐದು, ಹಿಟ್ಟು ರುಬ್ಬೋರು ಬೆಳಗ್ಗೆನೇ ರುಬ್ಬಿ" ಅಂತ ಹಾಕ್ತಾರೆ. ಜೂನ್ ಜುಲೈನಲ್ಲಿ ಗಾಳಿ ಮಳೆಗೆ ಮರ ಬಿದ್ದು ಹೋಗೋ ಕರೆಂಟಿಗೆ ಮಾತ್ರ ಗ್ರೂಪಲ್ಲಿ ಬರೆದು ಪ್ರಯೋಜನ ಇಲ್ಲ, 1912ಗೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ಇಸ್ಕೊಬೇಕು. "ಯಾರಾದ್ರೂ ಫೋನ್ ಮಾಡಿದ್ರಾ?" ಅಂತ ಮೂವತ್ತು ಜನ ಕೇಳ್ತಾರೆ, ಮಾಡಿರೋದು ಒಬ್ರು.

ಮಳೆಗಾಲದಲ್ಲಿ ಗ್ರೂಪಿನ ಟ್ರಾಫಿಕ್ ಜಾಸ್ತಿ ಆಗೋದು ಶಾಲೆ ರಜೆಗೆ. ಮಕ್ಕಳು ರಾತ್ರಿ ಊಟ ಬಿಟ್ಟು ನನ್ನ ಫೋನ್ ಹಿಡ್ಕೊಂಡು ಕೂತಿರ್ತಾರೆ. ನಮ್ಮ ಜಿಲ್ಲೇಲಿ ಈ ರಜೆ ಅನ್ನೋದು ಒಂದು ಶಾಸ್ತ್ರ ಇದ್ದಂಗೆ. ಶೃಂಗೇರಿ, ಕೊಪ್ಪ, ಮೂಡಿಗೆರೆ, ಕಳಸ, ಎನ್.ಆರ್.ಪುರದಲ್ಲಿ ಹೊಳೆ ತುಂಬಿ ಹರೀತಿದ್ರೆ ಅದೇ ದಿನ ಕಡೂರಲ್ಲಿ ಬಿಸಿಲು ಹೊಡೀತಿರುತ್ತೆ, ಹಂಗಾಗಿ ಡಿಸಿ ಆದೇಶ ತಾಲ್ಲೂಕುವಾರು ಬರುತ್ತೆ. ನಮ್ಮ ಚಿಕ್ಕಮಗಳೂರು ತಾಲ್ಲೂಕಿಗಂತೂ ಕೆಲವು ಸಲ ಹೋಬಳಿ ಲೆಕ್ಕದಲ್ಲಿ, ಆಲ್ದೂರು, ಖಾಂಡ್ಯ, ಜಾಗರ, ವಸ್ತಾರೆ, ಆವತಿಗೆ ರಜೆ, ಟೌನಿಗೆ ಇಲ್ಲ. ಜನ ಪೂರ್ತಿ ಓದಲ್ಲ, ಚಿಕ್ಕಮಗಳೂರು ಅನ್ನೋ ಪದ ಕಂಡಿದ್ದೇ ತಡ "ನಾಳೆ ರಜೆ" ಅಂತ ಎಸೀತಾರೆ. ಇನ್ನೂ ಕೆಲವರು ಹೋದ ವರ್ಷದ ಆದೇಶದ ಫೋಟೋ ಎತ್ಕೊಂಡು ಬಂದು ಹಾಕ್ತಾರೆ, ಸೀಲು ಸಹಿ ಎಲ್ಲಾ ಅಸಲಿ, ತಾರೀಖು ಮಾತ್ರ ಹಳೇದು.

ಇದಕ್ಕೆ ಅಡ್ಮಿನ್ ಮಾಡಿದ ರೂಲ್ ನನಗೆ ತುಂಬಾ ಹಿಡಿಸ್ತು. ರಜೆ ಸುದ್ದಿ ಅವರೊಬ್ರೇ ಹಾಕ್ಬೇಕು, ಹಾಕುವಾಗ ಆದೇಶದ ತಾರೀಖಿಗೂ ಹೋಬಳಿ ಹೆಸರಿಗೂ ಪೆನ್ನಲ್ಲಿ ಸುತ್ತು ಹಾಕಿ ಫೋಟೋ ಹೊಡೆದು ಕಳಿಸ್ತಾರೆ. ಬೇರೆ ಯಾರು ಹಾಕಿದ್ರೂ ಡಿಲೀಟ್. ಎರಡು ಸಲ ಹಾಕಿದ್ರೆ ಒಂದು ವಾರ ಗ್ರೂಪಿಂದ ಔಟ್. ಒಂದು ಸಲ ಒಬ್ರು ಮೇಡಂನೇ ಔಟ್ ಆಗಿದ್ರು, ಟೀಚರ್ರು ಅವರು!

ಈಗ ಬೈಯೋ ಭಾಗ.

ಸಾವಿನ ಸುದ್ದಿ. ಇದು ಬೇಕೇಬೇಕು, ಇಲ್ಲ ಅನ್ನಲ್ಲ, ಎಷ್ಟೊತ್ತಿಗೆ ಎಲ್ಲಿ ಅಂತ ಗೊತ್ತಾಗ್ದೆ ಹೋಗಿದ್ರೆ ಎಷ್ಟೋ ಜನರ ಮುಖ ಕೊನೇ ಸಲ ನೋಡೋಕೆ ಆಗ್ತಿರ್ಲಿಲ್ಲ. ಆದ್ರೆ ಒಂದು ಸುದ್ದಿ ಬಂತು ಅಂದ್ರೆ ಅದ್ರ ಕೆಳಗೆ ಓಂ ಶಾಂತಿ, ಓಂ ಶಾಂತಿ, ಓಂ ಶಾಂತಿ ಅಂತ ನೂರು ಮೆಸೇಜು. ಅದ್ರ ಮಧ್ಯೆ ಎಲ್ಲೋ "ನೀರು ಸಂಜೆ ಬದಲು ಮಧ್ಯಾಹ್ನ" ಅನ್ನೋದು ಮುಚ್ಚಿಹೋಗಿ, ಕೆಲಸಕ್ಕೆ ಹೋದವರಿಗೆ ಮನೆಗೆ ಬಂದಾಗ ಗೊತ್ತಾಗುತ್ತೆ. ಅಡ್ಮಿನ್ ಒಂದು ದಿನ ಬಹಳ ಮರ್ಯಾದೆಯಿಂದ, ದಯವಿಟ್ಟು ಸಂತಾಪನ ಮನೆಯವರಿಗೇ ಪರ್ಸನಲ್ಲಾಗಿ ಕಳಿಸಿ ಅಂತ ಬರೆದ್ರು. ಅಷ್ಟೇ. ಮನುಷ್ಯತ್ವ ಇದೆಯಾ, ನಿಮ್ಮನೇಲಿ ಆಗಿದ್ರೆ ಹಿಂಗೆ ಹೇಳ್ತಿದ್ರಾ ಅಂತ ಮೂರು ದಿನ ಯುದ್ಧ, ನಾಲ್ಕು ಜನ ಲೆಫ್ಟ್. ಆಮೇಲೆ ಯಾರದ್ದೋ ಮಗ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಹುಡುಗ, ಎಲ್ಲಾನೂ ವಾಟ್ಸಾಪ್ ಕಮ್ಯುನಿಟಿ (ಹಲವು ಗ್ರೂಪನ್ನ ಒಂದೇ ಕಡೆ ಸೇರಿಸೋದು) ಮಾಡಿ ಎರಡು ಭಾಗ ಮಾಡಿಕೊಟ್ಟ. ಒಂದ್ರಲ್ಲಿ ಅಡ್ಮಿನ್ ಮಾತ್ರ ಬರೀಬಹುದು, ಇನ್ನೊಂದು ಹರಟೆಗೆ. ಓಂ ಶಾಂತಿ ಈಗ ಹರಟೆ ಗ್ರೂಪಲ್ಲಿ ನಡೀತಿದೆ, ಗುಡ್ ಮಾರ್ನಿಂಗ್ ಗುಲಾಬಿ ಹೂವಿನ ಜೊತೆ. ಅದನ್ನ ನಾನು ಮ್ಯೂಟ್ ಮಾಡಿ ಇಟ್ಟಿದೀನಿ, ನೀವೂ ಹಂಗೇ ಮಾಡಿ. ನೀರು ಬಂತಾ ಅನ್ನೋ ಸರಣಿ ಮಾತ್ರ ಈ ಹರಟೆ ಗ್ರೂಪಲ್ಲೇ ನಡಿಯೋದು, ಅದಕ್ಕೆ ನೀರಿನ ದಿನ ತೆಗೆದು ನೋಡ್ಲೇಬೇಕು.

ಇನ್ನೊಂದು ತೊಂದ್ರೆ, ಗ್ರೂಪಲ್ಲಿ ಫೋಟೋ ಹಾಕಿದ್ರೆ ದೂರು ಕೊಟ್ಟಂಗಾಯ್ತು ಅಂತ ಜನ ತಿಳ್ಕೊಂಡಿದಾರೆ. ನಮ್ಮ ತಿರುವಿನ ಬೀದಿ ದೀಪ ಕೆಟ್ಟಿತ್ತು, ಒಬ್ರಾದ್ಮೇಲೆ ಒಬ್ರು ಕತ್ತಲೆ ಫೋಟೋ ಹಾಕಿದ್ರು, ಸಂಬಂಧಪಟ್ಟವರೊಬ್ರು ಗ್ರೂಪಲ್ಲೇ ಇದಾರೆ, ಅವರು ಒಂದು ಹೆಬ್ಬೆಟ್ಟು ಎತ್ತಿ ಸುಮ್ಮನಾದ್ರು. ಆ ಹೆಬ್ಬೆಟ್ಟಿಗೆ ತಾರೀಖಿಲ್ಲ, ನಂಬರಿಲ್ಲ, ನಾಳೆ ಹೋಗಿ ಏನಾಯ್ತು ಅಂತ ಕೇಳೋಕೆ ಏನೂ ಇಲ್ಲ. ಕೊನೆಗೆ 1902ಗೆ ಫೋನ್ ಮಾಡಿದ್ದು ನನ್ನ ಯಜಮಾನ್ರು. ಇದು ರಾಜ್ಯ ಸರ್ಕಾರದ ದೂರಿನ ನಂಬರು, ದೂರು ದಾಖಲು ಮಾಡ್ಕೊಂಡು ಒಂದು ಸಂಖ್ಯೆ ಕೊಡ್ತಾರೆ, ಆ ಸಂಖ್ಯೆ ಹಿಡ್ಕೊಂಡು ಕೇಳ್ತಾ ಹೋಗ್ಬಹುದು. ದೀಪ ತಕ್ಷಣ ಏನೂ ಹತ್ತಲಿಲ್ಲ, ಆದ್ರೆ ಹತ್ತಿತು. ಮಳೆಗೆ ಗುಡ್ಡ ಕುಸಿತ, ನೀರು ನುಗ್ಗೋದು ಇಂಥದ್ದಕ್ಕೆ ಜಿಲ್ಲಾ ಕಂಟ್ರೋಲ್ ರೂಮ್ 1077, ತುರ್ತಿಗೆ 112. ಇವನ್ನೆಲ್ಲ ಗ್ರೂಪಿನ ಮೇಲೆ ಪಿನ್ ಮಾಡಿ ಇಡಿ ಅಂತ ಎಷ್ಟು ಸಲ ಕೇಳಿದ್ರೂ ಮಾಡಿಲ್ಲ, ಪಿನ್ ಆಗಿರೋದು ಯಾರದ್ದೋ ಸೈಟ್ ಮಾರಾಟಕ್ಕಿದೆ ಅನ್ನೋದು. ಒಂದು ಸ್ಟಾರ್ ಇದಕ್ಕೇ ಕಟ್.

ಜಾಹೀರಾತು ಶನಿವಾರ ಮಾತ್ರ ಅಂತ ರೂಲು. ಮೆಣಸು, ಜೇನು, ಹಲಸಿನ ಹಪ್ಪಳ, ಬಾಡಿಗೆ ಮನೆ. ಇದ್ರಲ್ಲಿ ನಾನೂ ಗಿರಾಕಿ, ಹಂಗಾಗಿ ಏನೂ ಅನ್ನಲ್ಲ.

ಕಾಗದ ಪತ್ರದ ವಿಷಯ ಒಂದು ಹೇಳ್ಬೇಕು. ಇ-ಖಾತಾ (ಮನೆ, ಸೈಟಿನ ಆನ್‌ಲೈನ್ ಖಾತೆ) ಇಲ್ದೆ ರಿಜಿಸ್ಟ್ರೇಷನ್ ಆಗಲ್ಲ ಅಂತ ಆದ್ಮೇಲೆ, ಅದ್ರ ಮೇಲೆ 2025ರಲ್ಲಿ ಅನಧಿಕೃತ ಬಡಾವಣೆ ಸ್ವತ್ತುಗಳಿಗೆ ಬಿ-ಖಾತಾ ಕೊಡೋ ಅಭಿಯಾನ ಶುರುವಾದಾಗ, ಊರೆಲ್ಲ ಗೊಂದಲ, ಬ್ರೋಕರ್‌ಗಳು ಬಾಯಿಗೆ ಬಂದ ರೇಟ್ ಹೇಳ್ತಿದ್ರು. ಆಗ ಜೆರಾಕ್ಸ್ ಅಣ್ಣ ಒಂದು ಹಾಳೇಲಿ ಕೈಯಲ್ಲೇ ಬರೆದು ಹಾಕಿದ್ರು, ಕ್ರಯಪತ್ರ, ಇಸಿ (ಋಣಭಾರ ಪತ್ರ), ಕಂದಾಯ ಕಟ್ಟಿದ ರಸೀದಿ, ಮಾಲೀಕರ ಫೋಟೋ, ಸ್ವತ್ತಿನ ಫೋಟೋ, ಆಧಾರ್, ಕರೆಂಟ್ ಬಿಲ್ಲು, ಎಲ್ಲಾ ಎರಡೆರಡು ಸೆಟ್. ಎರಡೆರಡು ಸೆಟ್ ಯಾಕೆ ಅಂತ ಕೇಳ್ಬೇಡಿ, ಅವರ ವ್ಯಾಪಾರನೂ ನಡೀಬೇಕು. ಆದ್ರೆ ಆ ಒಂದು ಹಾಳೆಯಿಂದ ನಮ್ಮತ್ತೆ ಹೆಸರಿನ ಮನೆ ಕೆಲಸ ಬ್ರೋಕರ್ ಇಲ್ದೆ ಮುಗೀತು. ಪ್ರತಿ ವರ್ಷ ಏಪ್ರಿಲ್‌ನಲ್ಲಿ "ಮನೆ ಕಂದಾಯ ಈ ತಿಂಗಳು ಕಟ್ಟಿದ್ರೆ 5 ಪರ್ಸೆಂಟ್ ಕಡಿಮೆ" ಅಂತ ನೆನಪು ಮಾಡೋದೂ ಅವರೇ, 28ನೇ ತಾರೀಖಿಗೆ ಇನ್ನೊಂದು ಸಲ, 30ಕ್ಕೆ ಬೈದು ಇನ್ನೊಂದು ಸಲ.

ಉಳಿದಿದ್ದು ಚೂರುಪಾರು. ಕಸದ ಗಾಡಿ ಹಬ್ಬದ ಮಾರನೇ ದಿನ ಬರುತ್ತಾ ಇಲ್ವಾ, ಗೊತ್ತಾಗುತ್ತೆ. ದಿನಾ ಕಾಫಿ ರೇಟು ಬರುತ್ತೆ, ಅರೇಬಿಕಾ ಪಾರ್ಚ್‌ಮೆಂಟ್ ಇಷ್ಟು, ಚೆರ್ರಿ ಇಷ್ಟು, ರೋಬಸ್ಟಾ ಇಷ್ಟು, 50 ಕೆಜಿ ಮೂಟೆಗೆ. ನಮಗೆ ತೋಟ ಇಲ್ಲ, ಆದ್ರೂ ಓದ್ತೀನಿ, ಇಲ್ಲಿ ರೇಟ್ ಏರಿದ ವರ್ಷ ಬಟ್ಟೆ ಅಂಗಡಿಯಿಂದ ಹಿಡಿದು ಚೌಟ್ರಿ ತನಕ ಎಲ್ಲಾ ಕಡೆ ರಶ್ಶು ಬೇರೆನೇ ಇರುತ್ತೆ. 2024ರಲ್ಲಿ ಬೀಟಮ್ಮ ಅನ್ನೋ ಹೆಣ್ಣಾನೆಯ ಗುಂಪು ಊರ ಹತ್ತಿರದ ತನಕ ಬಂದಿದ್ದಾಗ ಯಾವ ತೋಟದಲ್ಲಿದಾವೆ ಅಂತ ಬೆಳಗ್ಗೆ ಬೆಳಗ್ಗೆ ಹಾಕ್ತಿದ್ರು, ಕೆಲಸಕ್ಕೆ ಹೋಗೋ ಹೆಣ್ಮಕ್ಕಳಿಗೆ ಅದೊಂದು ಧೈರ್ಯ. ಶನಿವಾರ ಭಾನುವಾರ ಮುಳ್ಳಯ್ಯನಗಿರಿ ದಾರೀಲಿರೋ ಕೈಮರ ಚೆಕ್‌ಪೋಸ್ಟ್ ಕಡೆ ಎಷ್ಟು ಗಾಡಿ ನಿಂತಿದೆ ಅನ್ನೋದಂತೂ ನಮಗೆ ತುಂಬಾ ಉಪಯೋಗ, ಮುಳ್ಳಯ್ಯನಗಿರಿಗೆ ಆನ್‌ಲೈನ್ ಬುಕಿಂಗ್ ಬಂದ್ಮೇಲೂ ವೀಕೆಂಡಲ್ಲಿ ಆ ಕಡೆ ನೆಂಟರ ಮನೆಗೆ ಹೋಗೋದು ಅಂದ್ರೆ ಕೇಳಿಕೊಂಡೇ ಹೊರಡೋದು.

ಸೇರೋರಿಗೆ ಒಂದು ಎಚ್ಚರಿಕೆ. ಹರಟೆ ಗ್ರೂಪಲ್ಲಿ ನಿಮ್ಮ ನಂಬರ್ ಎಲ್ರಿಗೂ ಕಾಣುತ್ತೆ. ನನಗೆ ಸಾಲ ಬೇಕಾ ಮೇಡಂ, ಇನ್ಶೂರೆನ್ಸ್ ಬೇಕಾ ಮೇಡಂ ಅನ್ನೋ ಫೋನು ಶುರುವಾಗಿದ್ದು ಅದಕ್ಕೆ ಸೇರಿದ್ಮೇಲೆನೇ. ಹೆಣ್ಮಕ್ಕಳು ಪ್ರೊಫೈಲ್ ಫೋಟೋನ ಕಾಂಟ್ಯಾಕ್ಟ್‌ನವರಿಗೆ ಮಾತ್ರ ಕಾಣೋ ಹಂಗೆ ಸೆಟ್ಟಿಂಗ್ ಮಾಡ್ಕೊಂಡೇ ಒಳಗೆ ಬನ್ನಿ. ಅಡ್ಮಿನ್ ಬರೆಯೋ ಪ್ರಕಟಣೆ ಗ್ರೂಪಲ್ಲಿ ಈ ಕಾಟ ಇಲ್ಲ, ಅಲ್ಲಿ ಪರಿಚಯ ಇಲ್ದವರಿಗೆ ನಂಬರ್ ಕಾಣಲ್ಲ.

ಹರಟೆ ಗ್ರೂಪಿಗೆ ಜಾಗನೂ ಇಲ್ಲ ಈಗ, ವಾಟ್ಸಾಪಲ್ಲಿ ಒಂದು ಗ್ರೂಪಿಗೆ 1,024 ಜನ ಅಷ್ಟೇ, ಅದು ತುಂಬಿ ಎರಡನೇದು ಮಾಡಿದಾರೆ. ಎರಡನೇದ್ರಲ್ಲಿ ಇರೋರು ಎಲ್ಲಾ ಬೇರೆ ಬೇರೆ ಬಡಾವಣೆಯವರು, ಗಾಳಿ ಬಂತು, ಕೆಂಪು ಬಂತು ಅಂತ ಹೇಳೋ ಕೆಳಗಿನ ರಸ್ತೆ ಅಕ್ಕ ಮೊದಲನೇದ್ರಲ್ಲೇ ಉಳಿದುಬಿಟ್ರು. ನನ್ನ ತಂಗಿ ಹೋದ ವರ್ಷ ನಮ್ಮ ಹಿಂದಿನ ರಸ್ತೆಗೆ ಬಾಡಿಗೆಗೆ ಬಂದ್ಲು, ಅವಳು ಎರಡನೇದ್ರಲ್ಲಿದಾಳೆ, ನೀರಿನ ದಿನ ಅವಳಿಗೆ ನಾನೇ ಫೋನ್ ಮಾಡಿ ಹೇಳ್ಬೇಕು.