ಬಿಸಿಎ ವಿಭಾಗದಲ್ಲಿ ಕಲಿಕಾ ಫಲಿತಾಂಶ ತಂತ್ರಾಂಶ: ಎರಡು ಸೆಮಿಸ್ಟರ್‌ಗಳ ಬಳಕೆಯ ನಂತರ

2024-25ರಿಂದ ಬಿಸಿಎ ಪದವಿಯೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ವ್ಯಾಪ್ತಿಗೆ ಸೇರಿದ ಮೇಲೆ, ಮಂಡ್ಯದ ನಮ್ಮ ಕಾಲೇಜು ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯುವ ತಂತ್ರಾಂಶವೊಂದಕ್ಕೆ ವಾರ್ಷಿಕ ಚಂದಾ ಕಟ್ಟಿತು. ಅದನ್ನು ಎರಡು ಸೆಮಿಸ್ಟರ್ ಬಳಸಿದವನಾಗಿ, ಕೊಳ್ಳಲು ಯೋಚಿಸುತ್ತಿರುವ ಇತರ ಅಧ್ಯಾಪಕರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕದ ಕೆಲಸದಲ್ಲಿ ಇದು ನಂಬಿಕೆಗೆ ಅರ್ಹವಾಗಿದೆ. ಪ್ರತಿ ಪ್ರಶ್ನೆಯನ್ನೂ ಒಂದು ಸಿಒಗೆ (ಕೋರ್ಸ್ ಔಟ್‌ಕಮ್, ಅಂದರೆ ಆ ವಿಷಯದಿಂದ ವಿದ್ಯಾರ್ಥಿ ಕಲಿಯಬೇಕಾದದ್ದು) ಹಾಗೂ ನೆನಪಿನಿಂದ ಸೃಜನೆಯವರೆಗಿನ ಬ್ಲೂಮ್ ಕಲಿಕಾ ಹಂತಗಳಲ್ಲೊಂದಕ್ಕೆ ಜೋಡಿಸಿ ಅಂಕ ತುಂಬಿದರೆ, 60 ಮಂದಿಯಲ್ಲಿ 42 ಮಂದಿ ನಿಗದಿತ ಅಂಕ ದಾಟಿದ್ದಾರೆ, ಅಂದರೆ ಶೇ. 70, ಆದ್ದರಿಂದ ಸಾಧನೆಯ ಮೂರನೇ, ಅಂದರೆ ಅತ್ಯುನ್ನತ, ಹಂತ ಎಂದು ಕ್ಷಣದಲ್ಲಿ ತೋರಿಸುತ್ತದೆ. ಎಕ್ಸೆಲ್‌ನಲ್ಲಿ ರಾತ್ರಿಯಿಡೀ ಕುಳಿತು ಮಾಡುತ್ತಿದ್ದ ಕೆಲಸವಿದು.

ಆದರೆ ಡೇಟಾಬೇಸ್ ವಿಷಯದಲ್ಲಿ ನಡೆದದ್ದನ್ನು ಹೇಳಲೇಬೇಕು. ನಾರ್ಮಲೈಸೇಶನ್ (ಒಂದೇ ಮಾಹಿತಿ ಮರುಕಳಿಸದಂತೆ ಕೋಷ್ಟಕಗಳನ್ನು ವಿಂಗಡಿಸುವ ಕ್ರಮ) ಪ್ರಶ್ನೆಗೆ ಚೆನ್ನಾಗಿ ಉತ್ತರಿಸಿದ ಒಂದು ತಂಡ, ಪ್ರಾಜೆಕ್ಟ್‌ಗಾಗಿ ಬೆಲ್ಲದ ಮಂಡಿಯ ಲೆಕ್ಕಪತ್ರ ವ್ಯವಸ್ಥೆಯನ್ನು ಆರಿಸಿಕೊಂಡಿತು. ಅವರ ವಿನ್ಯಾಸದಲ್ಲಿ ಒಬ್ಬ ರೈತನಿಗೆ ದಿನಕ್ಕೆ ಒಂದೇ ತೂಕ, ಒಂದೇ ದರ ಇತ್ತು. ಒಂದೇ ಆಲೆಮನೆಯಿಂದ ಬಂದ ಗಾಡಿಯಲ್ಲಿ ಅಚ್ಚು, ಬಕೆಟ್, ಕುರಿಕಾಲು ಹೀಗೆ ಬಗೆಬಗೆಯ ಬೆಲ್ಲವಿದ್ದು, ಬಣ್ಣ ನೋಡಿ ಒಂದೊಂದಕ್ಕೂ ಬೇರೆ ದರ ಬೀಳುತ್ತದೆಂಬುದು ಮಂಡಿಗೆ ಹೋಗಿ ನಿಂತವರಿಗಷ್ಟೇ ತಿಳಿಯುವ ಸಂಗತಿ. ಆ ವಿಂಗಡಣೆಯ ಒಂದು ಮಟ್ಟವಾದ ಮೂರನೇ ನಾರ್ಮಲ್ ಫಾರ್ಮ್ ಸರಿಯಾಗಿತ್ತು, ದಾಖಲಿಸಬೇಕಾದ ವ್ಯವಹಾರ ಮಾತ್ರ ಅದರೊಳಗೆ ಹಿಡಿಸುತ್ತಿರಲಿಲ್ಲ. ಸಿಒಗಳನ್ನು ನಾವು ಲಿಖಿತ ಉತ್ತರಗಳಿಗೆ ಮಾತ್ರ ಜೋಡಿಸಿದ್ದರಿಂದ ತಂತ್ರಾಂಶ ಆ ತಂಡಕ್ಕೆ ಹಸಿರು ಗುರುತು ಕೊಟ್ಟಿತು. ಕಂಪ್ಯೂಟಿಂಗ್ ಕ್ಷೇತ್ರದ ಅಂತರರಾಷ್ಟ್ರೀಯ ಸಂಘಗಳಾದ ಎಸಿಎಂ ಮತ್ತು ಎಐಎಸ್ ಇನ್ಫರ್ಮೇಷನ್ ಸಿಸ್ಟಮ್ಸ್ ಪದವಿಗಾಗಿ ರೂಪಿಸಿದ ಐಎಸ್ 2020 ಪಠ್ಯಕ್ರಮ ಮಾದರಿಯು ಸಾಮರ್ಥ್ಯವೆಂದರೆ ಜ್ಞಾನ, ಕೌಶಲ, ಮನೋಭಾವ ಮೂರೂ ಕೂಡಿದ್ದು ಎನ್ನುತ್ತದೆ. ನಾವು ಅಳೆದದ್ದು ಮೊದಲನೆಯದನ್ನು ಮಾತ್ರ.

ಇಲ್ಲಿ ನೆರವಿಗೆ ಬಂದದ್ದು, ಆರಂಭದಲ್ಲಿ ನಾವು ತೆರೆದೇ ನೋಡದಿದ್ದ ರೂಬ್ರಿಕ್ (ಅಂಕ ನೀಡುವ ಮಾನದಂಡಗಳ ಪಟ್ಟಿ) ವಿಭಾಗ. ಇಬ್ಬರು ಮೌಲ್ಯಮಾಪಕರು ಒಬ್ಬರದನ್ನೊಬ್ಬರು ನೋಡದೆ ಅಂಕ ಕೊಟ್ಟ ನಂತರ ವ್ಯತ್ಯಾಸವನ್ನು ಪಕ್ಕಪಕ್ಕದಲ್ಲಿ ತೋರಿಸುವುದು ಇದರ ಅತ್ಯುತ್ತಮ ಗುಣ. ಬಳಕೆದಾರರ ಅಗತ್ಯ ಸಂಗ್ರಹಣೆಯಲ್ಲಿ ನನಗೂ ಸಹೋದ್ಯೋಗಿ ಮೇಡಂ ಅವರಿಗೂ ಎರಡು ಹಂತಗಳ ಅಂತರ ಬಂತು. ನಾನು ವರದಿಯನ್ನು ಓದಿದ್ದೆ, ಅವರು ಯಾರೊಡನೆ ಮಾತಾಡಿದಿರಿ ಎಂದು ವಿದ್ಯಾರ್ಥಿಗಳನ್ನೇ ಕೇಳಿದ್ದರು. ಅವರ ಕ್ರಮವೇ ಸರಿಯೆಂದು ಒಪ್ಪಿ, ಬಳಕೆದಾರರನ್ನು ಕನಿಷ್ಠ ಎರಡು ಬಾರಿ ಭೇಟಿಯಾಗಿ, ಮೊದಲ ಭೇಟಿಯಿಂದ ವಿನ್ಯಾಸದಲ್ಲಿ ಏನು ಬದಲಾಯಿತೆಂದು ತೋರಿಸಬೇಕೆಂಬ ವಾಕ್ಯವನ್ನು ರೂಬ್ರಿಕ್‌ಗೆ ಸೇರಿಸಿದೆವು. ತಂಡ ಮತ್ತೆ ಮಂಡಿಗೆ ಹೋಯಿತು. ಎರಡನೇ ಪರಿಶೀಲನೆಯ ಹೊತ್ತಿಗೆ ಪ್ರತಿ ಬಗೆಯ ಬೆಲ್ಲಕ್ಕೂ ಪ್ರತ್ಯೇಕ ದಾಖಲೆಯಿತ್ತು. ಅದನ್ನು ಕಂಡಾಗ ನನಗಾದ ಸಂತೋಷ ಯಾವ ಹಸಿರು ಗುರುತಿನಿಂದಲೂ ಆಗಿರಲಿಲ್ಲ.

ಕೊರತೆಗಳೂ ಇವೆ. ತಂಡದೊಳಗೆ ಯಾರು ಎಷ್ಟು ಕೆಲಸ ಮಾಡಿದರೆಂದು ಬೇರ್ಪಡಿಸಿ ದಾಖಲಿಸಲು ಅವಕಾಶವಿಲ್ಲ. ಅಂತಿಮ ವರ್ಷದ ಅಭಿಪ್ರಾಯ ಸಮೀಕ್ಷೆಯಲ್ಲಿ ಕನ್ನಡದಲ್ಲಿ ಬರೆದ ಉತ್ತರಗಳು ಮುದ್ರಣದಲ್ಲಿ ಒತ್ತಕ್ಷರ ಕಳಚಿ ಬರುತ್ತವೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮನಬಿಚ್ಚಿ ಬರೆಯುವುದೇ ಅಲ್ಲಿ ಎಂಬುದರಿಂದ ಇದು ನನಗೆ ಸಣ್ಣ ದೋಷವಾಗಿ ಕಾಣುವುದಿಲ್ಲ. ವರದಿ ಪಿಡಿಎಫ್‌ನಲ್ಲಿ ಮಾತ್ರ ದೊರೆಯುತ್ತದೆ.

ರೂಬ್ರಿಕ್ ವಿಭಾಗವೊಂದಕ್ಕಾಗಿಯೇ ಮುಂದಿನ ವರ್ಷದ ಚಂದಾಕ್ಕೆ ನಾನು ಒಪ್ಪಿಗೆ ನೀಡಿದ್ದೇನೆ. ನಮ್ಮ ಅಂಕಗಳ ಮೂಲ ದತ್ತಾಂಶವನ್ನು ಎಕ್ಸೆಲ್ ರೂಪದಲ್ಲಿ ಕೊಡಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸುವಂತೆ ಲಿಖಿತವಾಗಿ ಕೇಳಿದ್ದೇವೆ.