ಮುತ್ತತ್ತಿ ಹತ್ತಿರ ಫಿಶಿಂಗ್ ಟ್ರಿಪ್ ಅಂತ ಯಾರಾದರೂ ಅಡ್ವಾನ್ಸ್ ಕೇಳಿದರೆ ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಹನ್ನೊಂದು ಜನರ ಟ್ರಿಪ್. ಜಾಗ ಹುಡುಕಿದ್ದು ನಾನು, ದುಡ್ಡು ಕೂಡಿಸಿದ್ದು ನಾನು. ಈಗ ಆಫೀಸಿನಲ್ಲಿ ನನ್ನ ಹೆಸರೇ 'ಬಿಳಿಮೀನು' ಅಂತ ಆಗಿದೆ.

ಏಪ್ರಿಲ್‌ನಲ್ಲಿ ಕಾವೇರಿ ಹೊಳೆ ಇಳಿದಿರುತ್ತೆ, ಮಡುಗಳು ತಿಳಿಯಾಗಿರುತ್ತವೆ, ಎರಡು ದಿನ ಗಾಳ ಹಿಡಿದು ಸುಮ್ನೆ ಕೂತು ಬರೋಣ ಅಂತ ಆಸೆ. ಟೆಂಟ್, ತೆಪ್ಪ, ಊಟ, ಗಾಳಕ್ಕೆ ರಾಗಿಮುದ್ದೆ, ಎಲ್ಲಾ ಸೇರಿ ತಲೆಗೆ 3,500 ಅಂದ, ಟ್ರಿಪ್ ಮಾಡಿಸೋನು. ಒಂದು ಫೋಟೋನೂ ಕಳಿಸಿದ. ಇಬ್ಬರು ಸೇರಿ ಎತ್ತಿ ಹಿಡಿದಿರುವ ಮಹಶೀರ್, ಅಂದರೆ ನಮ್ಮ ಕಡೆಯ ಬಿಳಿಮೀನು, ಬಾಲ ಕೇಸರಿ ಬಣ್ಣ. "ಹಿಡಿದು ಫೋಟೋ ತೆಗೆದು ವಾಪಸ್ ನೀರಿಗೆ ಬಿಡೋದು ಸಾರ್." ನನಗೆ ಅಷ್ಟೇ ಸಾಕಾಯಿತು.

ಪರ್ಮಿಟ್ ಬಗ್ಗೆ ಎರಡು ಸಲ ಕೇಳಿದ್ದೆ. ಮೆಸೇಜ್ ಇನ್ನೂ ಇದೆ. "ಪರ್ಮಿಟ್ ಎಲ್ಲಾ ನಮ್ದೇ ಸಾರ್, ಟೆನ್ಶನ್ ಬೇಡ." ಕಾಪಿ ಕಳಿಸಿ ಅಂದರೆ "ನಾಳೆ". ನಾಳೆ ಬಂದಿದ್ದು ಪರ್ಮಿಟ್ ಅಲ್ಲ, "ಇನ್ನೊಂದು ಗ್ಯಾಂಗ್ ಕೇಳ್ತಿದೆ, ಸಂಜೆಯೊಳಗೆ ಹಾಕಿ" ಅಂತ. 20,000 ಹಾಕಿದೆ. ಕ್ಯೂಆರ್‌ನಲ್ಲಿ ಬೇರೆ ಯಾರದೋ ಹೆಸರು. "ನಮ್ಮ ಬಾವಂದು ಸಾರ್." ಬಾವನಂತೆ!

ಶನಿವಾರ ಬೆಳಿಗ್ಗೆ ಆರೂವರೆಗೆ ಚೆಕ್‌ಪೋಸ್ಟ್. ನಮ್ಮವನೊಬ್ಬ ಹೊಸ ರಾಡ್ ತಂದಿದ್ದ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಕಾರಿನ ಮುಂದಿನ ಗಾಜಿನಿಂದ ಹಿಂದಿನ ಸೀಟಿನವರೆಗೂ ಉದ್ದಕ್ಕೆ ಮಲಗಿತ್ತು. ಗಾರ್ಡ್ ಬಗ್ಗಿ ನೋಡಿದ. ಫಿಶಿಂಗ್‌ಗೆ ಬಂದಿದ್ದೀವಿ ಅಂದೆ. ಅವನು ನನಗೆ ಏನೂ ಹೇಳಲಿಲ್ಲ. ತಿರುಗಿ ಒಳಗಿದ್ದವನನ್ನು ಕೂಗಿದ: "ಬಾರಪ್ಪ ಇಲ್ಲಿ, ಇನ್ನೊಂದು ಗುಂಪು."

ಇನ್ನೊಂದು! ಅಲ್ಲಿಗೆ ಗೊತ್ತಾಯಿತು. ಹಿಂದೆ ಎರಡು ಕಾರಿನಲ್ಲಿ ಉಳಿದವರು ಹಾಡು ಹಾಕಿಕೊಂಡು ಕೂತಿದ್ದರು. ಅವರ ಹತ್ತಿರ ಹೋಗಿ ಹೇಳಬೇಕಲ್ಲ, ಕಾಲೇ ಏಳಲಿಲ್ಲ.

ಮುತ್ತತ್ತಿ ಸುತ್ತಲಿನ ಈ ಕಾಡು 1987ರಿಂದ ವನ್ಯಜೀವಿಧಾಮ. ಮೊದಲು ಭೀಮೇಶ್ವರಿ, ಗಾಳಿಬೋರೆ ಕ್ಯಾಂಪುಗಳಲ್ಲಿ ಗಾಳ ಹಾಕಿಸುತ್ತಿದ್ದರು, ಅದು ನಿಂತೇ ಹತ್ತು ವರ್ಷದ ಮೇಲಾಯಿತು. ಅವನು ಕಳಿಸಿದ ಫೋಟೋ ಆ ಕಾಲದ್ದೇ ಇರಬೇಕು. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಇದನ್ನೆಲ್ಲ ನಾನು ಓದಿದ್ದು ಚೆಕ್‌ಪೋಸ್ಟ್ ಪಕ್ಕದಲ್ಲಿ ಕಾರು ನಿಲ್ಲಿಸಿಕೊಂಡು. ದುಡ್ಡು ಹಾಕೋ ಮುಂಚೆ ಓದಬೇಕಿತ್ತು, ಅಲ್ವಾ?

ನಾಲ್ಕನೇ ಸಲಕ್ಕೆ ಫೋನ್ ಎತ್ತಿದ. "ಅಯ್ಯೋ, ಅಲ್ಲಿಗ್ಯಾಕೆ ಹೋದ್ರಿ ಸಾರ್? ಲೊಕೇಶನ್ ಚೇಂಜ್ ಆಗಿದೆ." ಹೊಸ ಲೊಕೇಶನ್ ಮಳವಳ್ಳಿ ಕಡೆ, ಕಬ್ಬಿನ ಗದ್ದೆ ಮಧ್ಯೆ ಯಾರೋ ರೈತರ ಮೀನು ಹೊಂಡ. ಕಾಟ್ಲಾ, ರೋಹು. ಹಿಡಿದರೆ ಕೆಜಿ ಲೆಕ್ಕದಲ್ಲಿ ದುಡ್ಡು ಬೇರೆ. ಟೆಂಟ್ ಅಂದರೆ ಒಂದು ನೀಲಿ ಟಾರ್ಪಾಲು. ಹೊಂಡದ ಯಜಮಾನರು ಪಾಪ, ಅವರಿಗೆ ಏನೂ ಗೊತ್ತಿಲ್ಲ, ಎಳನೀರು ಕೊಟ್ಟರು.

ಕಾವೇರಿ ಎಲ್ಲಪ್ಪ ಅಂತ ಕೇಳಿದೆ. "ನೀರು ವಿ.ಸಿ. ನಾಲೇದು ಸಾರ್. ಅಂದ್ರೆ ಕಾವೇರಿದೇ ತಾನೆ?"

ನಗದೇ ಹೇಳಿದ. ಅದೇ ಜಾಸ್ತಿ ಉರಿ.

ಬಾಕಿ 18,500 ಕೊಡಲಿಲ್ಲ, ನಾನು ಮಾಡಿದ ಬುದ್ಧಿವಂತಿಕೆ ಅದೊಂದೇ. ಅಡ್ವಾನ್ಸ್ ವಾಪಸ್ ಕೇಳಿದ್ದಕ್ಕೆ, "ಫಿಶಿಂಗ್ ಅಂದಿದ್ದೆ, ಫಿಶಿಂಗ್ ಮಾಡಿಸಿದ್ದೀನಿ." ಆಮೇಲೆ ಕೈ ಮುಗಿಯೋ ಇಮೋಜಿ. ಆಮೇಲೆ ಬ್ಲಾಕ್.

ಹೋಗೋರು ಮೊದಲು ಅಲ್ಲಿನ ಅರಣ್ಯ ಇಲಾಖೆ ಕಚೇರಿಗೆ ಒಂದು ಫೋನ್ ಮಾಡಿ. ನಿಮ್ಮ ಹೆಸರಿರುವ ಪರ್ಮಿಟ್ ಕೈಗೆ ಬರದೇ ಒಂದು ರೂಪಾಯಿಯನ್ನೂ ಹಾಕಬೇಡಿ. ಬಾವನ ಕ್ಯೂಆರ್‌ಗಂತೂ ಬೇಡವೇ ಬೇಡ. ಹಾಕಿ ಮೋಸ ಹೋಗಿದ್ದರೆ ತಡ ಮಾಡದೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾನು ನಾಚಿಕೊಂಡು ಐದು ದಿನ ಸುಮ್ನಿದ್ದೆ.

ನಮ್ಮ ಗುಂಪಿನ ಇನ್ನೊಬ್ಬನನ್ನು ಅವನು ಬ್ಲಾಕ್ ಮಾಡಿಲ್ಲ. ನಿನ್ನೆ ಸ್ಟೇಟಸ್ ತೋರಿಸಿದ: ಜೂನ್ ಎರಡನೇ ವಾರ, ಮಲ್ಪೆ, ದೊಡ್ಡ ಬೋಟಿನಲ್ಲಿ ಆಳಸಮುದ್ರ ಫಿಶಿಂಗ್, ಎರಡೇ ಸ್ಲಾಟ್ ಬಾಕಿ. ಜೂನ್ 1ರಿಂದ ಜುಲೈ 31ರವರೆಗೆ ಅಲ್ಲಿ ಯಾಂತ್ರೀಕೃತ ಬೋಟುಗಳು ಮೀನಿಗೆ ಹೋಗೋ ಹಾಗೇ ಇಲ್ಲ.