ಶೀಟ್ ಕೆಲಸದ ಸುರಕ್ಷತಾ ಕಾಗದಪತ್ರ: ಸಿದ್ಧ ಮಾದರಿ, ಸಲಹೆಗಾರರ ಫೈಲು, ನಮ್ಮ ಉದ್ದ ಪುಸ್ತಕ

ಟೆರೇಸು ಮತ್ತು ಗೋದಾಮುಗಳಿಗೆ ಶೀಟ್ ಹೊದೆಸುವ ನಮ್ಮದು ಆರು ಮಂದಿಯ ಸಣ್ಣ ಫ್ಯಾಬ್ರಿಕೇಶನ್ ಘಟಕ. ಮನೆಗಳಲ್ಲಿ ಯಾರೂ ಸುರಕ್ಷತೆಯ ಕಾಗದ ಕೇಳುವುದಿಲ್ಲ. ಮಂಗಳೂರಿನ ಬೈಕಂಪಾಡಿ ಕಡೆಯ ಕಾರ್ಖಾನೆ, ಗೋದಾಮುಗಳಲ್ಲಿ ಮಾತ್ರ ಕೆಲಸದ ವಿಧಾನವನ್ನೂ ಅದರ ಅಪಾಯಗಳನ್ನೂ ಬರೆದು ಕೊಡದೆ ಗೇಟ್ ಪಾಸ್ ಸಿಕ್ಕಿದ್ದಿಲ್ಲ. ಎರಡು ವರ್ಷಗಳಲ್ಲಿ ಮೂರು ದಾರಿಗಳನ್ನು ಹಿಡಿದು ನೋಡಿದ ನಾನು ಈಗ ಸ್ಟೇಷನರಿ ಅಂಗಡಿಯ 200 ಪುಟಗಳ ಉದ್ದ ಪುಸ್ತಕವೊಂದಕ್ಕೆ ಬಂದು ನಿಂತಿದ್ದೇನೆ. ಅದನ್ನು ಬಿಡುವ ಯೋಚನೆಯಿಲ್ಲ.

ಮೊದಲು ಕೊಂಡದ್ದು ಆನ್‌ಲೈನಿನಲ್ಲಿ 1,900 ರೂಪಾಯಿಗೆ ಸಿಕ್ಕ ಇಂಗ್ಲಿಷ್ ಮಾದರಿ. ನಮ್ಮ ಹೆಸರು ಸೇರಿಸಿ ಮುದ್ರಿಸಿದರೆ ಸಾಕು ಎಂದಿದ್ದರು. ನಾನೂ ಪೂರ್ತಿ ಓದದೆ ಕೊಟ್ಟೆ, ಅದು ನನ್ನ ತಪ್ಪು. ಗೇಟಿನಲ್ಲಿ ಸೇಫ್ಟಿ ಆಫೀಸರ್ ತೆರೆದ ಪುಟದಲ್ಲಿ ಛಾವಣಿಯ ಮೇಲಿನ ಹಿಮ ತೆಗೆಯುವ ಕ್ರಮವಿತ್ತು, ತುರ್ತು ಕರೆಗೆ 999 ಎಂದಿತ್ತು. "ನಿಮ್ಮವರು ಬಿದ್ದರೆ ಯಾವ ನಂಬರಿಗೆ ಫೋನ್ ಮಾಡುತ್ತಾರೆ?" ಎಂದು ಅವರು ಕೇಳಿದ್ದು ನ್ಯಾಯವಾಗಿತ್ತು. ನಮ್ಮಲ್ಲಿ ಕರೆಯಬೇಕಾದದ್ದು 108 ಅಥವಾ 112. ಆ ಕೆಲಸದ ನಿಜವಾದ ಅಪಾಯವೆಂದರೆ ಬಿಸಿಲು ಮಳೆಗೆ ಸವೆದು, ಮೇಲುನೋಟಕ್ಕೆ ಗಟ್ಟಿಯಾಗಿಯೇ ಕಾಣುವ ಹಳೆಯ ಆಸ್‌ಬೆಸ್ಟಾಸ್ ಶೀಟು. ಅದರ ಮೇಲೆ ನೇರವಾಗಿ ಕಾಲಿಡದೆ, ಕೆಳಗಿನ ಕಬ್ಬಿಣದ ಆಧಾರಗಳಿಗೆ ಭಾರ ಬೀಳುವಂತೆ ಹಲಗೆ ಹಾಸಿ ನಡೆಯಬೇಕು ಎಂಬ ಮಾತು ಅಷ್ಟು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ಬಳಿಕ 14,000 ರೂಪಾಯಿ ಕೊಟ್ಟು ಸಲಹೆಗಾರರೊಬ್ಬರನ್ನು ಕರೆಸಿದೆವು. ಅವರು ಸ್ವತಃ ಛಾವಣಿ ನೋಡಿ ಬರೆದರು. ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ಹೊರಗಿಡಬೇಕು, ಸೇಫ್ಟಿ ಬೆಲ್ಟಿನ ಕೊಕ್ಕೆ ಎಲ್ಲಿಗೆ ಎಂಬುದನ್ನು ಮೇಲೆ ಹತ್ತುವ ಮೊದಲೇ ನಿಶ್ಚಯಿಸಬೇಕು ಎಂಬುದನ್ನು ನಾನು ಶಿಸ್ತಾಗಿ ಕಲಿತದ್ದು ಅವರಿಂದಲೇ. ವಿಷಯದ ದೃಷ್ಟಿಯಿಂದ ಇಂದಿಗೂ ಅದಕ್ಕಿಂತ ಒಳ್ಳೆಯ ಫೈಲು ನಮ್ಮಲ್ಲಿಲ್ಲ.

ತೊಡಕು ಬಂದದ್ದು ಅಕ್ಷರದಲ್ಲಿ. ಕನ್ನಡದ ಪುಟಗಳನ್ನು ಅವರು ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಅವರ ಕಂಪ್ಯೂಟರಿನಲ್ಲಿ ಸರಿಯಾಗಿದ್ದದ್ದು ನನ್ನ ಫೋನಿನಲ್ಲಿ ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲಾಗಿ ಕಂಡಿತು. ಕೇಳಿದಾಗ ಪಿಡಿಎಫ್ ಕಳುಹಿಸಿದರು. ಅದನ್ನು ಓದಬಹುದಿತ್ತು, ತಿದ್ದುವಂತಿರಲಿಲ್ಲ. ನಮ್ಮ ಕೆಲಸದಲ್ಲಿ ಜಾಗ ಬದಲಾದಂತೆ ವಿದ್ಯುತ್ ತಂತಿ ಇರುವ ದಿಕ್ಕು, ಏಣಿಯ ಸ್ಥಳ, ಹತ್ತಿರದ ಆಸ್ಪತ್ರೆ ಎಲ್ಲವೂ ಬದಲಾಗುತ್ತವೆ. ಪ್ರತಿ ಸಲವೂ ಡಿಟಿಪಿ ಅಂಗಡಿಗೆ ಹೋಗಿ 150 ರೂಪಾಯಿ ಕೊಟ್ಟು ಕಾಯಬೇಕಾಯಿತು. ಒಮ್ಮೆ ಯುನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪಿ, ಇಡೀ ಪುಟವನ್ನು ಪುನಃ ಕುಳಿತು ತಿದ್ದಿದೆವು.

ಪತ್ತನಾಜೆಯೊಳಗೆ (ಮಳೆಗಾಲಕ್ಕೆ ಮುನ್ನ, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಶೀಟ್ ಹಾಕಿ ಮುಗಿಸಿ ಎಂದು ಎಲ್ಲರೂ ಒತ್ತಾಯಿಸುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಇಷ್ಟು ಓಡಾಟ ಸಾಧ್ಯವಾಗಲಿಲ್ಲ. ಒಂದು ದಿನ ಸುರತ್ಕಲ್ಲಿನ ಕೆಲಸದ ಹಾಳೆಯನ್ನೇ ಹೆಸರು ಬದಲಿಸಿ ಕಟಪಾಡಿಗೆ ಒಯ್ದೆವು. ಅದರಲ್ಲಿ ಮೆಸ್ಕಾಂ ವಿದ್ಯುತ್ ತಂತಿ ಮೂಡು (ಪೂರ್ವ) ಬದಿಗಿದೆ ಎಂದು ಬರೆದಿತ್ತು. ಅಲ್ಲಿ ತಂತಿ ಇದ್ದದ್ದು ಪಡು (ಪಶ್ಚಿಮ) ಬದಿಗೆ, 20 ಅಡಿಯ ಪೈಪ್ ಎತ್ತಲು ನಾವು ಆರಿಸಿಕೊಂಡ ಬದಿಗೇ. ಎತ್ತುವ ಮೊದಲೇ ನಮ್ಮ ವೆಲ್ಡರ್ ಕಂಡು ತಡೆದರು. ಹಾಳೆಯನ್ನು ನಂಬಿದ್ದರೆ ಏನಾಗುತ್ತಿತ್ತು ಎಂಬುದು ನನ್ನನ್ನು ಬಹಳ ದಿನ ಕಾಡಿತು. ತಿದ್ದಲು ಕಷ್ಟವಾದ ಕಾಗದವನ್ನು ತಿದ್ದದೆಯೇ ಬಳಸುತ್ತೇವೆ ಎಂಬುದು ನನಗೆ ಆ ದಿನ ಗೊತ್ತಾಯಿತು.

ಮೊಬೈಲ್ ಆ್ಯಪ್ ಕೂಡ ನೋಡಿದೆ. ಮಧ್ಯಾಹ್ನದ ಬಿಸಿಲಿಗೆ ಛಾವಣಿಯ ಮೇಲೆ ಪರದೆ ಕಾಣಲಿಲ್ಲ.

ಈಗಿನ ಪುಸ್ತಕದಲ್ಲಿ ಒಂದು ಕೆಲಸಕ್ಕೆ ಒಂದು ಪುಟ. ಕೆಲಸದ ಹಂತ, ಆಗಬಹುದಾದ ಅನಾಹುತ, ಮಾಡಬೇಕಾದದ್ದು, ನೋಡಿಕೊಳ್ಳುವವರ ಹೆಸರು ಎಂದು ನಾಲ್ಕು ಕಾಲಂಗಳು. ಕೆಳಗೆ ಛಾವಣಿಯ ನಕ್ಷೆ, ಅದರಲ್ಲಿ ದುರ್ಬಲ ಶೀಟುಗಳಿಗೆ ಅಡ್ಡ ಗುರುತು. ಬೆಳಿಗ್ಗೆ ಸ್ಥಳದಲ್ಲಿಯೇ ನಿಂತು ಬರೆಯುತ್ತೇವೆ, ಕಾರ್ಬನ್ ಪ್ರತಿ ಗೇಟಿಗೆ ಹೋಗುತ್ತದೆ. ಒಡಿಶಾದ ಇಬ್ಬರಿಗೆ ಕನ್ನಡ ಓದಲು ಬಾರದ ಕಾರಣ ಹಿಂದಿಯಲ್ಲಿಯೂ ಊರಿನವರಿಗೆ ತುಳುವಿನಲ್ಲಿಯೂ ಓದಿ ಹೇಳುತ್ತೇವೆ. ಓದುವಾಗಲೇ ಹೊಸ ಸಾಲುಗಳು ಸೇರುತ್ತವೆ. ಮೇ ತಿಂಗಳ ಸಂಜೆ ಘಟ್ಟದ ಕಡೆ ಮೋಡ ಕಟ್ಟಿದೊಡನೆ, ಸಿಡಿಲಿಗೆ ಕಾಯದೆ ಎಲ್ಲರೂ ಇಳಿಯಬೇಕೆಂಬ ಸಾಲನ್ನು ಸೇರಿಸಿದವರು ನಮ್ಮ ಹೆಲ್ಪರ್. ಸಲಹೆಗಾರರ ಫೈಲಿನಲ್ಲಿಯೂ ಅದು ಇರಲಿಲ್ಲ.

ಕೈಬರಹವನ್ನು ಒಪ್ಪದ ಕಾರ್ಖಾನೆಯೊಂದಿದೆ. ಅಲ್ಲಿಗೆ ಸಲಹೆಗಾರರ ಫೈಲನ್ನು ಆಧರಿಸಿ ಎರಡು ಪುಟ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕೊಡುತ್ತೇನೆ. ಉಳಿದ ಕಡೆ ಹೆಸರುಗಳ ಕಾಲಂ ನೋಡಿಯೇ ಒಪ್ಪಿದ್ದಾರೆ.

ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳು ಲಿಖಿತ ಸುರಕ್ಷತಾ ನೀತಿಯನ್ನು ಕೇಳಿದ್ದು 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ. ಆರು ಮಂದಿಯ ನಮಗೆ ದಪ್ಪ ಫೈಲು ಬೇಕಾಗಿಲ್ಲ, ವರ್ಷಕ್ಕೆ 14,000 ರೂಪಾಯಿ ಹೊರುವ ಶಕ್ತಿಯೂ ಇಲ್ಲ. ಕ್ರೇನ್ ತರಿಸುವಂಥ ದೊಡ್ಡ ಕೆಲಸ ಬಂದರೆ ಅದೇ ಸಲಹೆಗಾರರನ್ನು ಕರೆಯುತ್ತೇನೆ. ಆದರೆ ಮುಂಗಡ ಕೊಡುವ ಮೊದಲು ಅವರ ಒಂದು ಕನ್ನಡ ಪುಟವನ್ನು ನನ್ನ ಫೋನಿನಲ್ಲಿ ತೆರೆದು, ಒಂದು ಸಾಲು ತಿದ್ದಿ ನೋಡುತ್ತೇನೆ.